ಡಾಕ್ಟರಾಗದೆಯೂ ಆಸ್ಪತ್ರೆಯ ವಿದ್ಯೆ: ಪ್ರಯೋಗಶಾಲೆಯ ಪದವಿ

ಪಿ.ಯು.ಸಿ. ಫಲಿತಾಂಶ ಬಂದ ಮೇಲೆ ಹಳ್ಳಿಯ ಅನೇಕ ಮನೆಗಳಲ್ಲಿ ಒಂದೇ ಮಾತು ನಡೆಯುತ್ತದೆ. ಹುಡುಗ ವಿಜ್ಞಾನ ಓದಿದ್ದಾನೆ, ನೀಟ್ ಪರೀಕ್ಷೆಯ ಅಂಕ ಡಾಕ್ಟರಿಕೆಗೆ ಸಾಲದು, ಮುಂದೇನು? ಆ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬ ಮಧ್ಯವರ್ತಿ ಬರುತ್ತಾನೆ. "ಯಜಮಾನ್ರೇ, ಡಾಕ್ಟರಿಕೆ ಹೋದ್ರೆ ಹೋಗ್ಲಿ, ಅದಕ್ಕೆ ಸಮನಾದ ಇನ್ನೊಂದು ಕೋರ್ಸಿದೆ. ಸೀಟು ನಾನು ಕೊಡಿಸ್ತೀನಿ, ಮುಂಗಡ ಕೊಡಿ" ಎನ್ನುತ್ತಾನೆ. ಬೆಳೆ ಮಾರಿದ ಹಣ ಅವನ ಕೈ ಸೇರುತ್ತದೆ. ಆ ವಿದ್ಯೆ ಎಂಥದು, ಅದನ್ನು ಕಲಿತವರು ಏನು ಮಾಡಬಹುದು, ಏನು ಮಾಡಕೂಡದು ಎಂಬುದನ್ನು ಹಣ ಎಣಿಸುವ ಮೊದಲೇ ರೈತ ಬಂಧುಗಳು ತಿಳಿದಿರಬೇಕು.

ರೋಗಿಯನ್ನು ನೋಡಿ ಔಷಧ ಬರೆಯದೆ ಆಸ್ಪತ್ರೆಯ ಕೆಲಸ ಮಾಡುವವರು ಹಲವರಿದ್ದಾರೆ. ಅವರಲ್ಲಿ ರಕ್ತ, ಕಫ, ಮೂತ್ರಗಳನ್ನು ಪರೀಕ್ಷಿಸುವ ಪ್ರಯೋಗಶಾಲೆಯವರ ವಿಚಾರವನ್ನು ಇಲ್ಲಿ ತೆಗೆದುಕೊಳ್ಳೋಣ. ಈ ಪದವಿಗೆ ಬಿ.ಎಸ್‌ಸಿ. ಮೆಡಿಕಲ್ ಲ್ಯಾಬೊರೇಟರಿ ಟೆಕ್ನಾಲಜಿ ಎಂದು ಹೆಸರು. ಜನರ ಬಾಯಲ್ಲಿ ಎಂ.ಎಲ್.ಟಿ.

ಇದು ಏಕೆ ಬೇಕು?

ಮಣ್ಣು ಪರೀಕ್ಷೆ ಮಾಡಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೊಲ ನೋಡಿದ ಮಾತ್ರಕ್ಕೆ ಅದರಲ್ಲಿ ರಂಜಕ ಎಷ್ಟಿದೆ, ಪೊಟ್ಯಾಷ್ ಎಷ್ಟಿದೆ ಎಂದು ಹೇಳಲಾಗದು. ಜ್ವರವೂ ಹಾಗೆಯೇ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೂ ಜ್ವರ ಬಂತು. ಅದು ಉಣುಗು ಕಚ್ಚುವುದರಿಂದ ಹರಡುವ ಹೊಸದೊಂದು ವೈರಸ್ಸಿನ ರೋಗವೆಂದು ಗೊತ್ತಾದದ್ದು ಪ್ರಯೋಗಶಾಲೆಯಲ್ಲಿ. ನಾವು ಇಂದಿಗೂ ಮಂಗನ ಕಾಯಿಲೆ ಎನ್ನುವುದು ಅದನ್ನೇ. ಮಲೆನಾಡಿನ ಕೂಲಿಯೊಬ್ಬನಿಗೆ ಜ್ವರ, ಮೈಕೈ ನೋವು ಬಂದರೆ ಅದು ಮಂಗನ ಕಾಯಿಲೆಯೋ, ಡೆಂಗಿಯೋ, ಇಲಿಜ್ವರವೋ ಎಂದು ಮೊದಲ ದಿನಗಳಲ್ಲಿ ಮುಖ ನೋಡಿ ಹೇಳುವುದು ಬಲ್ಲ ವೈದ್ಯರಿಗೂ ಕಷ್ಟ. ರಕ್ತವೇ ಹೇಳಬೇಕು.

ಆದರೆ ರಕ್ತವನ್ನು ಮಾತನಾಡಿಸಲು ಕೈ ಪಳಗಿರಬೇಕು. ಸಕ್ಕರೆ ಪರೀಕ್ಷೆಗೆಂದು ತೆಗೆದ ರಕ್ತವನ್ನು ಬರಿಯ ಕೊಳವೆಯಲ್ಲಿ ಹಾಗೆಯೇ ಇಟ್ಟರೆ, ಅದರೊಳಗಿನ ಜೀವಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಗಂಟೆಗೆ ನೂರಕ್ಕೆ ಐದಾರು ಭಾಗ ಇಳಿದುಹೋಗುತ್ತದೆ. ಮಧ್ಯಾಹ್ನ ಪರೀಕ್ಷೆ ಮಾಡಿದವರು "ಸಕ್ಕರೆ ಸರಿಯಾಗಿದೆ" ಎಂದು ಬರೆದುಕೊಟ್ಟರೆ ರೋಗಿ ನಿಶ್ಚಿಂತನಾಗಿ ಮನೆಗೆ ಹೋಗುತ್ತಾನೆ. ಅದಕ್ಕಾಗಿಯೇ ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ಕೊಳವೆ ಬೇರೆ ಇರುವುದು. ಕ್ಷಯದ ಕಫ ಪರೀಕ್ಷೆಯಲ್ಲಿಯೂ ಇಂಥ ಸೂಕ್ಷ್ಮಗಳಿವೆ. ಗಾಜಿನ ಪಟ್ಟಿಯ ಮೇಲೆ ಕಫ ಸವರಿ, ಕೆಂಪು ಬಣ್ಣ ಹಾಕಿ ಕಾಯಿಸಿ, ಆಮ್ಲದಿಂದ ತೊಳೆದರೆ ಉಳಿದೆಲ್ಲದರ ಬಣ್ಣ ಬಿಟ್ಟುಹೋಗುತ್ತದೆ, ಕ್ಷಯದ ಕ್ರಿಮಿ ಮಾತ್ರ ಬಿಡುವುದಿಲ್ಲ. ನೀಲಿಯ ನಡುವೆ ಕೆಂಪು ಕಡ್ಡಿಗಳಂತೆ ಕಾಣುತ್ತದೆ. "ಇಲ್ಲ" ಎಂದು ಬರೆಯಬೇಕಾದರೆ ಸೂಕ್ಷ್ಮದರ್ಶಕದ ಕೆಳಗೆ ನೂರು ಜಾಗಗಳನ್ನಾದರೂ ನೋಡಿರಬೇಕು. ಹತ್ತು ನೋಡಿ "ಇಲ್ಲ" ಎಂದವನಿಂದ ಇಡೀ ಮನೆಗೆ ಕ್ಷಯ ಹರಡಬಹುದು. ತಾಳ್ಮೆಯಿಲ್ಲದ ಹುಡುಗನಿಗೆ ಈ ವಿದ್ಯೆ ಹೇಳಿದ್ದಲ್ಲ.

ಓದು ಹೇಗಿರುತ್ತದೆ?

ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಪಾಠ ಮತ್ತು ಆಸ್ಪತ್ರೆಯ ತರಬೇತಿ ಸೇರಿ ಒಟ್ಟು ನಾಲ್ಕು ವರ್ಷವೆಂದು ಎಣಿಸಿಕೊಳ್ಳುವುದು ಮೇಲು. ಮೊದಲ ವರ್ಷ ಶರೀರದ ರಚನೆ, ಅದರ ಕ್ರಿಯೆ. ಅದರ ಜೊತೆಯಲ್ಲೇ ಆರಂಭವಾಗಿ ಕಡೆಯವರೆಗೂ ಬರುವ ಮೂರು ವಿಷಯಗಳಿವೆ: ಜೀವರಸಾಯನ, ರೋಗಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಿಂದ ಬಂದ ಮಕ್ಕಳು ಮೊದಲ ಆರು ತಿಂಗಳು ತೊಳಲಾಡುವುದು ಇಲ್ಲಿಯೇ, ಬುದ್ಧಿ ಸಾಲದ್ದರಿಂದಲ್ಲ. ಕೀಳರಿಮೆಯಿಂದ ಊರಿಗೆ ಮರಳಿ ಬಂದ ಮಗುವನ್ನು ಮನೆಯವರು ಗದರಿಸಬಾರದು. ಪದಗಳ ಅರ್ಥವನ್ನು ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡು ಓದಿದರೆ ಎರಡನೆಯ ವರ್ಷಕ್ಕೆ ದಾರಿ ಸುಗಮವಾಗುತ್ತದೆ.

ಕೆಲಸದಲ್ಲಿ ಅಪಾಯವೂ ಉಂಟು. ಸೂಜಿ ಚುಚ್ಚಿಕೊಂಡರೆ ಕಾಮಾಲೆಯ ವೈರಸ್ಸು ಅಂಟಬಹುದು. ಆದ್ದರಿಂದ ಹೆಪಟೈಟಿಸ್ ಬಿ ಲಸಿಕೆಯನ್ನು ಸೇರುವ ಮೊದಲೇ ಹಾಕಿಸಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿಯೂ ಇರುತ್ತದೆ. ಹೆಣ್ಣುಮಕ್ಕಳನ್ನು ಕಳುಹಿಸುವವರು ಹಾಸ್ಟೆಲನ್ನು ತಾವೇ ಹೋಗಿ ನೋಡಿ ಬರಲಿ. ಅಷ್ಟಕ್ಕೇ ಹೆದರಿ ಓದು ನಿಲ್ಲಿಸುವುದು ಬೇಡ.

ಪದವಿಯೋ, ಡಿಪ್ಲೊಮಾವೋ?

ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ಆದವರಿಗೆ ಪ್ಯಾರಾಮೆಡಿಕಲ್ ಬೋರ್ಡು ನಡೆಸಿಕೊಂಡು ಬಂದಿರುವ ಡಿಪ್ಲೊಮಾ ಬೇರೆ ಇದೆ. ಖರ್ಚು ಕಡಿಮೆ, ಬೇಗ ಮುಗಿಯುತ್ತದೆ, ಬೇಗ ಸಂಬಳ ಕೈಗೆ ಬರುತ್ತದೆ. ಮನೆಯಲ್ಲಿ ದುಡಿಯುವ ಕೈ ಒಂದೇ ಇದ್ದು ಸಾಲವೂ ಇದ್ದರೆ ಡಿಪ್ಲೊಮಾ ಹಿಡಿಯುವುದರಲ್ಲಿ ತಪ್ಪೇನೂ ಇಲ್ಲ. ಮುಂದೆ ಎಂ.ಎಸ್‌ಸಿ. ಓದಬೇಕು, ಪಾಠ ಹೇಳಬೇಕು, ದೊಡ್ಡ ಪ್ರಯೋಗಶಾಲೆಯಲ್ಲಿ ಮೇಲೇರಬೇಕು ಎನ್ನುವವರಿಗೆ ಪದವಿಯೇ ಬೇಕು.

ಯಾವುದನ್ನೇ ಓದಲಿ, ಇದರಿಂದ ಡಾಕ್ಟರಾಗುವುದಿಲ್ಲ. ಹೆಸರಿನ ಮುಂದೆ 'ಡಾ.' ಎಂದು ಬರೆದುಕೊಂಡು ಊರಲ್ಲಿ ಇಂಜೆಕ್ಷನ್ ಹಾಕಿ ಚಿಕಿತ್ಸೆ ಮಾಡಲು ಹೊರಟರೆ ಅದು ಅಪರಾಧ. ಹೋಬಳಿ ಕೇಂದ್ರದಲ್ಲಿ ಸ್ವಂತ ಲ್ಯಾಬು ತೆರೆಯುವ ಆಸೆ ಅನೇಕರಿಗಿದೆ. ೨೦೦೭ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಅದನ್ನು ನೋಂದಾಯಿಸಲೇಬೇಕು. ವರದಿಗೆ ಯಾರ ಸಹಿ ಬೇಕು ಎಂಬುದನ್ನೂ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿಕೊಂಡೇ ಮಳಿಗೆ ಹಿಡಿಯಬೇಕು.

ಮೋಸ ಹೋಗದಿರಲು

ಕೇಂದ್ರ ಸರ್ಕಾರ ೨೦೨೧ರಲ್ಲಿ ಈ ವೃತ್ತಿಗಳಿಗಾಗಿಯೇ ಒಂದು ಕಾಯಿದೆ ಮಾಡಿ ರಾಷ್ಟ್ರೀಯ ಆಯೋಗವನ್ನು ಏರ್ಪಡಿಸಿತು. ಅದರ ಪಟ್ಟಿಯಲ್ಲಿ ಪ್ರಯೋಗಶಾಲೆಯ ವೃತ್ತಿಯೂ ಸೇರಿದೆ. ಡಿಪ್ಲೊಮಾ ಅಥವಾ ಪದವಿಯಿಂದ ಸಹಾಯಕ ವೃತ್ತಿಯವರೆನಿಸಿಕೊಳ್ಳಲು ಕನಿಷ್ಠ ೨,೦೦೦ ಗಂಟೆಗಳ ಕಲಿಕೆ, ಪದವಿಯಿಂದ ಪೂರ್ಣ ವೃತ್ತಿಪರರೆನಿಸಿಕೊಳ್ಳಲು ಕನಿಷ್ಠ ೩,೬೦೦ ಗಂಟೆಗಳ ಕಲಿಕೆ ಇರಬೇಕೆಂದು ಆ ಕಾಯಿದೆ ಹೇಳುತ್ತದೆ. ಆರು ತಿಂಗಳಲ್ಲಿ ಲ್ಯಾಬ್ ಟೆಕ್ನಿಷಿಯನ್ ಮಾಡುತ್ತೇವೆಂಬ ಬಸ್ ನಿಲ್ದಾಣದ ಬೋರ್ಡುಗಳನ್ನು ಈ ಲೆಕ್ಕದಿಂದಲೇ ಅಳೆಯಬಹುದು.

ನಮ್ಮ ರಾಜ್ಯದಲ್ಲಿ ಇಂಥ ಕಾಲೇಜುಗಳು ಬಹುಪಾಲು ೧೯೯೬ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಹಣ ಕಟ್ಟುವ ಮೊದಲು ಆ ಕಾಲೇಜಿನ ಹೆಸರು, ಈ ಕೋರ್ಸಿನ ಹೆಸರು, ಈ ವರ್ಷದ ಅನುಮತಿ ಮೂರೂ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಇವೆಯೇ ಎಂದು ನೋಡಬೇಕು. ಕಾಲೇಜಿಗೆ ಸಾಕಷ್ಟು ರೋಗಿಗಳು ಬರುವ ಆಸ್ಪತ್ರೆಯ ಆಸರೆ ಇದೆಯೇ ಎಂಬುದು ಅಷ್ಟೇ ಮುಖ್ಯ. ರೋಗಿಯಿಲ್ಲದ ಆಸ್ಪತ್ರೆಯಲ್ಲಿ ಕಲಿತ ಪ್ರಯೋಗಶಾಲೆಯ ವಿದ್ಯೆ ದಡದಲ್ಲಿ ಕಲಿತ ಈಜಿನಂತೆ. ಹಳೆಯ ವಿದ್ಯಾರ್ಥಿಗಳಿಬ್ಬರನ್ನು ಹುಡುಕಿ ಕೇಳಿದರೆ ನಿಜಸಂಗತಿ ಅರ್ಧ ಗಂಟೆಯಲ್ಲಿ ತಿಳಿದುಬಿಡುತ್ತದೆ.

ಹಣದ ವಿಚಾರ

ಸರ್ಕಾರಿ ಕಾಲೇಜಿನ ಶುಲ್ಕಕ್ಕೂ ಖಾಸಗಿಯದಕ್ಕೂ ಬಹಳ ಅಂತರವಿದೆ. ಆದ್ದರಿಂದ ಮೊದಲು ಸರ್ಕಾರಿ ಸೀಟಿಗೆ ಅರ್ಜಿ ಹಾಕಬೇಕು. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಪ್ರಕಟಣೆಯನ್ನೇ ಓದಬೇಕು, ನೆಂಟರ ಮಗ ಹೋದ ವರ್ಷ ಸೇರಿದ ಕ್ರಮವನ್ನು ನಂಬಿ ಕೂರಬಾರದು. ಜಮೀನು ಅಡವಿಡುವ ಮುನ್ನ ಬ್ಯಾಂಕಿಗೆ ಹೋಗಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದ ಯೋಜನೆಯಲ್ಲಿ ೭.೫ ಲಕ್ಷ ರೂಪಾಯಿಯವರೆಗೆ ಆಸ್ತಿಯ ಆಧಾರ ಬೇಕಿಲ್ಲ. ರೈತರ ಮಕ್ಕಳಿಗೆಂದು ೨೦೨೧ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ಈ ವರ್ಷ ಸಿಗುವುದೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.

ಜಾತಿ, ಆದಾಯದ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಫಲಿತಾಂಶಕ್ಕೆ ಮುಂಚೆಯೇ ತರಿಸಿಟ್ಟುಕೊಳ್ಳಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ ಮಕ್ಕಳು ಅದಕ್ಕೆ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಹಾಕಿಸಬೇಕು. ಜೂನ್ ತಿಂಗಳಲ್ಲಿ ಆ ಕಚೇರಿಯ ಮುಂದೆ ಸಾಲು ಉದ್ದವಾಗಿರುತ್ತದೆ, ಬಿತ್ತನೆಯ ಕೆಲಸವೂ ಅದೇ ಸಮಯಕ್ಕೆ ಬರುತ್ತದೆ. ಮೇ ತಿಂಗಳಲ್ಲೇ ಮುಗಿಸಿಕೊಳ್ಳುವುದು ಲೇಸು.