ಹಿಮ ಬಿದ್ದ ಮೇಲಿನ ಹಾಪ್ಸ್ ಸುಗ್ಗಿ

ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್ ನಗರದಲ್ಲಿ 2020ರ ಸೆಪ್ಟೆಂಬರ್ 5ರಂದು 38 ಡಿಗ್ರಿ ಸೆಲ್ಸಿಯಸ್ ಬಿಸಿಲಿತ್ತು. 8ನೇ ತಾರೀಕು ಅದೇ ಊರಿನಲ್ಲಿ ಹಿಮ ಬಿತ್ತು. ರಾಕಿ ಪರ್ವತಗಳ ತಪ್ಪಲಿನಲ್ಲಿ ಹಿತ್ತಿಲ ಹಾಪ್ಸ್ ಬಳ್ಳಿ ಕೊಯ್ಲಿಗೆ ಬರುವುದು ಸರಿಯಾಗಿ ಆ ದಿನಗಳಲ್ಲೇ. ವರ್ಷವಿಡೀ ಸಾಕಿದ ಫಸಲು ಕೈಗೆ ಬರುವ ಹೊತ್ತಿಗೆ ಶೀತ ಎರಗಿದರೆ ಏನು ಮಾಡಬೇಕು? ಅಲ್ಲಿನ ಮನೆಬಳಕೆಯ ಬೆಳೆಗಾರರು ಇದಕ್ಕೊಂದು ಕಸುಬುಗಾರಿಕೆಯನ್ನೇ ರೂಢಿಸಿಕೊಂಡಿದ್ದಾರೆ.

ಬಿಯರ್‌ಗೆ ಕಹಿಯನ್ನೂ ಘಮವನ್ನೂ ಕೊಡುವುದು ಹಾಪ್ಸ್. ಬವೇರಿಯಾದಲ್ಲಿ 1516ರಲ್ಲಿ ಬಂದ ಕಟ್ಟಳೆ ಬಿಯರ್‌ಗೆ ಬಾರ್ಲಿ, ನೀರು, ಹಾಪ್ಸ್ ಬಿಟ್ಟು ಬೇರೇನೂ ಸೇರಿಸಬಾರದೆಂದಿತ್ತು. ಗಾಂಜಾ ಕುಟುಂಬಕ್ಕೆ ಸೇರಿದ ಈ ಬಳ್ಳಿ ಕಾಂಡದ ಒರಟು ರೋಮಗಳಿಂದ ಹಗ್ಗವನ್ನು ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸುತ್ತಿಕೊಂಡು, ಒಂದೇ ಬೇಸಿಗೆಯಲ್ಲಿ ಹದಿನೈದು ಇಪ್ಪತ್ತು ಅಡಿ ಏರುತ್ತದೆ. ಹೆಣ್ಣು ಬಳ್ಳಿಯಲ್ಲಿ ಮಾತ್ರ ಹೆಬ್ಬೆರಳಿನ ತುದಿಯಷ್ಟು ದಪ್ಪದ ಹಸಿರು ಗೊಂಡೆಗಳು ಬಿಡುತ್ತವೆ. ಗೊಂಡೆ ಬಿಡಿಸಿ ನೋಡಿದರೆ ಎಸಳುಗಳ ಬುಡದಲ್ಲಿ ಅರಿಶಿನ ಬಣ್ಣದ ಅಂಟುಪುಡಿ ಕಾಣುತ್ತದೆ. ಇದೇ ಲುಪುಲಿನ್. ಬೆಳೆಯ ಬೆಲೆಯೆಲ್ಲ ಈ ಪುಡಿಯಲ್ಲಿದೆ.

ಹಿತ್ತಿಲಲ್ಲಿ ಹಾಪ್ಸ್ ಬೆಳೆಯುವ ಹವ್ಯಾಸಕ್ಕೂ ಕೊಲೊರಾಡೊಗೂ ಹಳೆಯ ನಂಟು. ಮನೆಯಲ್ಲಿ ಬಿಯರ್ ತಯಾರಿಸಲು ಅವಕಾಶ ಕೊಟ್ಟ ಕಾನೂನಿಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದರು. ಅದೇ ವರ್ಷ ಡೆನ್ವರ್‌ಗೆ ಹತ್ತಿರದ ಬೋಲ್ಡರ್‌ನಲ್ಲಿ ಚಾರ್ಲಿ ಪಪಾಜಿಯನ್ ಮತ್ತು ಚಾರ್ಲಿ ಮಟ್ಜೆನ್ ‘ಅಮೆರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್’ ಕಟ್ಟಿದರು. ಹಿತ್ತಿಲುಗಳಲ್ಲಿ ಹೆಚ್ಚಾಗಿ ಕಾಣುವ ತಳಿ ಕ್ಯಾಸ್ಕೇಡ್. 1972ರಲ್ಲಿ ಬಿಡುಗಡೆಯಾದ ಇದು ಬೆಳೆಯಲು ಸುಲಭ, ಇಳುವರಿಯೂ ಧಾರಾಳ.

ಇನ್ನು ಶೀತದ ವಿಷಯ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲದ ಕಾವೆಲ್ಲ ಆಕಾಶಕ್ಕೆ ಹೋಗಿ, ತಣ್ಣನೆಯ ಗಾಳಿ ತಗ್ಗಿನಲ್ಲಿ ಮಡುಗಟ್ಟುತ್ತದೆ. ಅಂಥ ರಾತ್ರಿ ನೆಲಮಟ್ಟಕ್ಕಿಂತ ಹದಿನೈದು ಅಡಿ ಎತ್ತರದಲ್ಲಿ ಚಳಿ ಕಡಿಮೆ. ಹಾಗಾಗಿ ಬೆಳಿಗ್ಗೆ ಕೆಳಗಿನ ಎಲೆ ಕರಕಲಾಗಿದ್ದರೂ ತುದಿಯ ಗೊಂಡೆ ಹಸಿರಾಗಿಯೇ ಉಳಿದಿರುವುದುಂಟು. ಬಡಗಣ ಗಾಳಿಯೊಂದಿಗೆ ನುಗ್ಗಿ ಬರುವ ಶೀತದಲ್ಲಿ ಈ ರಿಯಾಯಿತಿ ಇಲ್ಲ.

ಮುನ್ಸೂಚನೆ ಸಿಕ್ಕರೆ ಸಂಜೆಯೇ ಬುಡಕ್ಕೆ ನೀರು ಹಾಯಿಸುತ್ತಾರೆ. ಒದ್ದೆ ಮಣ್ಣು ಹಗಲಿನ ಕಾವನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಹಗ್ಗವನ್ನು ರಾಟೆಗೆ ಕಟ್ಟಿದವರು ಬಳ್ಳಿಯನ್ನು ಮೆಲ್ಲಗೆ ನೆಲಕ್ಕಿಳಿಸಿ ಹಳೆಯ ಹಾಸಿಗೆ ಬಟ್ಟೆ ಹೊದಿಸುತ್ತಾರೆ. ಪ್ಲಾಸ್ಟಿಕ್ ಹಾಳೆ ಬೇಡ, ಅದು ತಗುಲಿದ ಕಡೆಯಲ್ಲೆಲ್ಲ ಎಲೆ ಸುಡುತ್ತದೆ. ಗೊಂಡೆ ಮುಕ್ಕಾಲು ಬಲಿತಿದ್ದರೆ ಹೊದಿಕೆಯ ಗೋಜೇ ಬೇಡ, ದೀಪ ಹಚ್ಚಿಕೊಂಡಾದರೂ ರಾತ್ರಿಯೇ ಕೊಯ್ದುಬಿಡುವುದು ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಏನೂ ಮಾಡಲಾಗದೆ ಹಿಮ ಬಿದ್ದೇಬಿಟ್ಟಿತೆನ್ನಿ. ಕಪ್ಪಾಗಿ ಜೋತುಬಿದ್ದ ಎಲೆಗಳನ್ನು ನೋಡಿದ ಹೊಸಬರು ಎಲ್ಲ ಹೋಯಿತೆಂದು ಕೈಚೆಲ್ಲುತ್ತಾರೆ. ಅವಸರದ ತೀರ್ಮಾನವದು. ಎಲೆಯ ಜೀವಕೋಶಗಳಲ್ಲಿ ನೀರು ತುಂಬಿರುವುದರಿಂದ ಅದು ಹೆಪ್ಪುಗಟ್ಟಿದಾಗ ಅವು ಒಡೆದುಹೋಗುತ್ತವೆ. ಲುಪುಲಿನ್ ಇರುವುದು ರಾಳ ಮತ್ತು ಎಣ್ಣೆಯ ರೂಪದಲ್ಲಿ. ಒಂದು ರಾತ್ರಿಯ ಚಳಿಗೆ ಅದು ಕೆಡುವುದಿಲ್ಲ. ಕೆಡಿಸುವುದು ಆಮೇಲಿನ ವಿಳಂಬ. ಸತ್ತ ಎಸಳು ಒದ್ದೆಯಾಗಿ ಕೂತರೆ ಬೂಷ್ಟು ಹಿಡಿಯುತ್ತದೆ, ಒಣಗಿ ಬಾಯಿಬಿಟ್ಟರೆ ಪುಡಿ ಉದುರಿಹೋಗುತ್ತದೆ.

ಆದ್ದರಿಂದ ಬಿಸಿಲೇರಿ ಹಿಮ ಕರಗಿದ ಕೂಡಲೇ ಬಳ್ಳಿ ಇಳಿಸಿ, ಒಂದೊಂದು ಗೊಂಡೆಯನ್ನೂ ಪರೀಕ್ಷಿಸಬೇಕು. ಬೆರಳಲ್ಲಿ ಒತ್ತಿ ಬಿಟ್ಟರೆ ಪುಟಿದು ಮೊದಲಿನ ಆಕಾರಕ್ಕೆ ಬರಬೇಕು. ಕಿವಿಯ ಹತ್ತಿರ ಉಜ್ಜಿದರೆ ಈರುಳ್ಳಿ ಸಿಪ್ಪೆಯಂತೆ ಸರಸರ ಎನ್ನಬೇಕು. ಸೀಳಿದರೆ ಗಾಢ ಹಳದಿ ಪುಡಿ ಬೆರಳಿಗೆ ಅಂಟಬೇಕು. ತುದಿ ಕಂದಾಗಿದ್ದರೆ ಚಿಂತೆಯಿಲ್ಲ. ಬೂದುಬಣ್ಣದ ಬೂಷ್ಟು ಅಥವಾ ಹಳಸಿದ ಚೀಸ್‌ನ ವಾಸನೆ ಇದ್ದರೆ ಬಿಸಾಡಲೇಬೇಕು. ಶೀತ ತೆಳುವಾಗಿದ್ದು ಎಲೆ ಬದುಕಿದ್ದರೆ ಎಳೆ ಗೊಂಡೆಗಳನ್ನು ಬಿಡಬಹುದು. ಮೊದಲ ಹಿಮದ ನಂತರ ವಾರಗಟ್ಟಲೆ ಹಿತವಾದ ಬಿಸಿಲು ಬರುವುದು ಅಲ್ಲಿ ಸಾಮಾನ್ಯ. ಕೊಯ್ಯುವಾಗ ತುಂಬುತೋಳಿನ ಅಂಗಿ ತೊಡಿ, ಬಳ್ಳಿಯ ರೋಮ ಮೈ ಗೀರುತ್ತದೆ. ನಾಯಿ ಇದ್ದರೆ ದೂರ ಕಟ್ಟಿ. ಹಾಪ್ಸ್ ತಿಂದ ನಾಯಿಯ ಮೈಬಿಸಿ ವಿಪರೀತ ಏರಿ ಪ್ರಾಣಕ್ಕೇ ಎರವಾಗಬಹುದು.

ಹಸಿ ಗೊಂಡೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು. ಕೊಯ್ದದ್ದನ್ನು ಕಿಟಕಿ ಜಾಲರಿಯ ಮೇಲೆ ತೆಳುವಾಗಿ ಹರಡಿ, ನೆರಳಿನಲ್ಲಿ ಫ್ಯಾನ್ ಗಾಳಿಗೆ ಒಣಗಿಸುತ್ತಾರೆ. ಒಲೆಯ ಕಾವು ಕೊಡುವುದಾದರೆ 60 ಡಿಗ್ರಿ ದಾಟಬಾರದು, ಘಮದ ಎಣ್ಣೆ ಹಾರಿಹೋಗುತ್ತದೆ. ನಡುವಿನ ದಂಟು ಬಾಗದೆ ಲಟಕ್ಕೆಂದು ಮುರಿದರೆ ಒಣಗಿದೆ ಎಂದರ್ಥ. ಐದು ಕಿಲೋ ಹಸಿ ಹಾಪ್ಸ್ ಸುಮಾರು ಒಂದು ಕಿಲೋಗೆ ಇಳಿಯುತ್ತದೆ. ಗಾಳಿ ತೆಗೆದ ಚೀಲದಲ್ಲಿ ಕಟ್ಟಿ ಫ್ರೀಜರ್‌ಗೆ ಹಾಕಿದರೆ ಮುಂದಿನ ಸುಗ್ಗಿಯವರೆಗೆ ಬರುತ್ತದೆ. ಒಣಗಿಸಲು ಪುರಸೊತ್ತಿಲ್ಲದವರು ಅದೇ ದಿನ ಹಸಿಯಾಗಿಯೇ ಬಿಯರ್ ಕುದಿಸಲು ಕೂರುತ್ತಾರೆ. ಒಣಹಾಪ್ಸ್‌ಗಿಂತ ಐದು ಪಟ್ಟು ತೂಕ ಬೇಕಾಗುತ್ತದೆ, ಆದರೆ ಆ ಹಸಿರು ಘಮ ಬೇರೆ ಯಾವ ದಾರಿಯಲ್ಲೂ ಸಿಗದು. ಹಿತ್ತಿಲ ಹಾಪ್ಸ್‌ನ ಕಹಿ ಎಷ್ಟೆಂದು ಪ್ರಯೋಗಾಲಯವಿಲ್ಲದೆ ಅಳೆಯಲಾಗದು. ಅದಕ್ಕೇ ಕಹಿಗೆ ಅಂಗಡಿಯ ಹಾಪ್ಸ್ ಹಾಕಿ, ಮನೆಯದನ್ನು ಕುದಿಯ ಕೊನೆಯಲ್ಲಿ ಸೇರಿಸುವುದು ರೂಢಿ.

ನಮ್ಮ ದೇಶದಲ್ಲಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಹಾಪ್ಸ್ ಬೆಳೆದದ್ದುಂಟು. ಬೇಸಿಗೆಯ ದೀರ್ಘ ಹಗಲೂ ಚಳಿಗಾಲದ ಕೊರೆತವೂ ಇದಕ್ಕೆ ಬೇಕಾದ್ದರಿಂದ ಕರ್ನಾಟಕದ ಹವೆ ಒಗ್ಗದು. ಬೆಂಗಳೂರಿನ ಮೈಕ್ರೋಬ್ರೂವರಿಗಳು ಹೆಚ್ಚಾಗಿ ಹೊರದೇಶದ ಹಾಪ್ಸನ್ನೇ ನೆಚ್ಚಿಕೊಂಡಿವೆ.

ಕೊಯ್ಲಾದ ಮೇಲೆ ಬಳ್ಳಿಯನ್ನು ಬುಡಮಟ್ಟ ಕತ್ತರಿಸುವ ಆತುರ ಬೇಡ. ಉಳಿದ ಹಸಿರೆಲೆಗಳು ಮುಂದಿನ ವರ್ಷಕ್ಕೆಂದು ಬೇರಿಗೆ ಆಹಾರ ಇಳಿಸುತ್ತಿರುತ್ತವೆ. ಬಳ್ಳಿ ಪೂರ್ತಿ ಒಣಗಿದ ನಂತರ ಕತ್ತರಿಸಿ, ಬುಡಕ್ಕೆ ದಪ್ಪಗೆ ಒಣಹುಲ್ಲು ಮುಚ್ಚಬೇಕು. ನೆಲದಡಿಯ ಗೆಡ್ಡೆಗೆ ಕೊಲೊರಾಡೊದ ಚಳಿಗಾಲ ಲೆಕ್ಕಕ್ಕಿಲ್ಲ. ಏಪ್ರಿಲ್ ಹೊತ್ತಿಗೆ ಹೊಸ ಚಿಗುರು ಬಂದಿರುತ್ತದೆ, ಆಗ ಹಗ್ಗ ಕಟ್ಟಿದರಾಯಿತು.