ಗುಂಯ್ ಎನ್ನುವ ಸದ್ದಿಗೊಂದು ಹೊಸ್ತಿಲು

ನಿಮ್ಮಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದವರು ಎಷ್ಟು ಮಂದಿಯೋ, ವಿಶಾಖಪಟ್ಟಣದ ನಮ್ಮ ಮನೆಯಲ್ಲಂತೂ ಒಬ್ಬನಿದ್ದಾನೆ. ಬೀದಿಯಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷ್, ಊಟಕ್ಕೆ ಕೂತಾಗ ಕನ್ನಡ ಆಡುವ ನನ್ನ ಮಗ. ಅವನು ನುಡಿಸುವುದನ್ನು ನಿಲ್ಲಿಸಿದರೂ ಆಂಪ್ಲಿಫೈಯರ್ ಮಾತ್ರ ಹಲಸಿನ ಹಣ್ಣಿಗೆ ಮುತ್ತಿದ ನೊಣಗಳ ಹಾಗೆ ಗುಂಯ್ ಎನ್ನುತ್ತಲೇ ಇರುತ್ತಿತ್ತು. ಅದಕ್ಕೆ ‘ನಾಯ್ಸ್ ಗೇಟ್’ ಎಂಬ ಪೆಡಲ್ ಬೇಕೆಂದು ಹಟ ಹಿಡಿದ. ದುಡ್ಡು ಬಿಚ್ಚುವ ಮೊದಲು ಅದೇನೆಂದು ತಿಳಿದುಕೊಳ್ಳಬೇಡವೆ?

ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಇರುತ್ತದೆ. ಅಯಸ್ಕಾಂತಕ್ಕೆ ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ ಅದು. ಅದು ತಂತಿಯ ಕಂಪನವನ್ನು ಹಿಡಿಯುವಂತೆಯೇ ಮನೆಯ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಕಾರವನ್ನೂ, ಟ್ಯೂಬ್‌ಲೈಟಿನ ಚೋಕ್, ಫ್ಯಾನ್ ರೆಗ್ಯುಲೇಟರುಗಳ ಗಲಾಟೆಯನ್ನೂ ಹಿಡಿಯುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೇಥ್ ಲವರ್ ಎರಡು ಸುರುಳಿಗಳ ‘ಹಂಬಕರ್’ ಮಾಡಿ ಇದನ್ನು ಬಹುಮಟ್ಟಿಗೆ ಅಡಗಿಸಿದರು. ಆದರೆ ಡಿಸ್ಟಾರ್ಶನ್ ಪೆಡಲ್ ಒತ್ತಿದಿರೋ, ಉಳಿದ ಪಿಸುಮಾತೂ ಸಂತೆಯಾಗುತ್ತದೆ.

ಗೇಟಿನ ಮುಖ್ಯ ಗುಂಡಿಯ ಹೆಸರು ‘ಥ್ರೆಶೋಲ್ಡ್’. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ್ದು ಕೊನೆಗೂ ಉಪಯೋಗಕ್ಕೆ ಬಂತು ನೋಡಿ, ಹೊಸ್ತಿಲು ಎಂದರ್ಥ! ಸದ್ದು ಹೊಸ್ತಿಲಿಗಿಂತ ಎತ್ತರವಿದ್ದರೆ ಬಾಗಿಲು ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ. ಬಾಗಿಲು ತೆರೆದಾಗ ಗುಂಯ್ ಕೂಡ ಒಳಗೆ ಬರುತ್ತದೆ, ತಂತಿಯ ನಾದದಲ್ಲಿ ಮುಳುಗಿ ಕೇಳಿಸುವುದಿಲ್ಲ ಅಷ್ಟೆ. ಪೆಡಲನ್ನು ಡಿಸ್ಟಾರ್ಶನ್ ಆದ ಮೇಲೆ, ಡಿಲೇ ಮತ್ತು ರಿವರ್ಬ್‌ಗಳಿಗೆ ಮುಂಚೆ ಇಡಿ. ಇಲ್ಲದಿದ್ದರೆ ಪ್ರತಿಧ್ವನಿಯ ಕತ್ತೇ ಕತ್ತರಿಸುತ್ತದೆ. ಬಾಸ್ ಎನ್‌ಎಸ್-2ರಂಥವುಗಳಲ್ಲಿ ಡಿಸ್ಟಾರ್ಶನನ್ನು ‘ಸೆಂಡ್’, ‘ರಿಟರ್ನ್’ಗಳ ನಡುವೆ ಜೋಡಿಸಬಹುದು. ಆಗ ಪೆಡಲ್ ಗಿಟಾರಿನ ಶುದ್ಧ ಸದ್ದನ್ನು ಕೇಳಿ, ಡಿಸ್ಟಾರ್ಶನಿನ ಬಾಗಿಲನ್ನು ಕಾಯುತ್ತದೆ. ಗಿಟಾರಿನ ವಾಲ್ಯೂಮ್ ಎಂದಿನಷ್ಟೇ ಇಟ್ಟು, ತಂತಿಗಳನ್ನು ಅಂಗೈಯಿಂದ ಮುಚ್ಚಿ, ಹೊಸ್ತಿಲನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿ. ಗುಂಯ್ ನಿಂತ ಕೂಡಲೆ ಕೈ ತೆಗೆಯಿರಿ. ಇನ್ನೂ ಏರಿಸುವುದು ದುರಾಸೆ.

ಆ ದುರಾಸೆ ನಮ್ಮವನಿಗಿತ್ತು. ವಿಜಯವಾಡದಲ್ಲಿರುವ ನನ್ನ ಅತ್ತಿಗೆ ವೀಣೆ ನುಡಿಸುವವರು. ಇವನು ಅವರೆದುರು ಮೋಹನ ರಾಗ ನುಡಿಸಿದರೆ, “ಸ್ವರದ ಬಾಲ ಯಾಕೋ ಕತ್ತರಿಸ್ತೀಯಾ?” ಎಂದರು. ಗಮಕ ತೇಲುತ್ತಾ ಇಳಿಯುವಷ್ಟರಲ್ಲಿ ಬಾಗಿಲು ದಢಾರನೆ ಮುಚ್ಚಿಕೊಳ್ಳುತ್ತಿತ್ತು. ಹೊಸ್ತಿಲು ತಗ್ಗಿಸಿ, ‘ಡಿಕೇ’ ಗುಂಡಿ ಹೆಚ್ಚಿಸಿದ ಮೇಲೆ ಸುಧಾರಿಸಿತು. ಇದೇ ಆಂಧ್ರದ ಪಾಲಕೊಲ್ಲಿನಲ್ಲಿ ಹುಟ್ಟಿದ ಯು. ಶ್ರೀನಿವಾಸ್ (1969–2014) ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿನಲ್ಲಿ ಗಮಕ ನುಡಿಸಿ ಜಗತ್ತನ್ನೇ ಒಲಿಸಿಕೊಂಡರು. ಅವರ ಧ್ವನಿಮುದ್ರಿಕೆಗಳನ್ನು ಕೇಳಿ, ಒಂದೊಂದು ಸ್ವರ ಹೇಗೆ ಆರುತ್ತದೆಂದು ಗಮನಿಸಿ.

ಇನ್ನೊಂದು ಮಾತು ಹೇಳಲೇಬೇಕು, ಇದಕ್ಕಾಗಿಯೇ ಪೆನ್ನು ಹಿಡಿದೆ. ಅದೇ ಪ್ರವಾಸದಲ್ಲಿ ಒಂದು ಸಭಾಂಗಣದಲ್ಲಿ ಅಭ್ಯಾಸ ನಡೆದಿತ್ತು. ಗುಂಯ್ ವಿಪರೀತವಾಗಿತ್ತು. ಇವನು ಗೇಟಿನ ಹೊಸ್ತಿಲೇರಿಸಿ ಬಾಯಿ ಮುಚ್ಚಿಸಿದ. ಸ್ವಲ್ಪ ಹೊತ್ತಿಗೆ ಮೈಕಿಗೆ ತುಟಿ ತಾಗಿ ಚುರುಕ್ಕೆಂದಿತು. ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಸಾಕೆಟ್ಟಿಗೆ ಅರ್ಥ್ ತಂತಿಯೇ ಇರಲಿಲ್ಲ! 1972ರಲ್ಲಿ ಬ್ರಿಟನ್ನಿನ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯಲ್ಲೇ ಅರ್ಥ್ ಸರಿಯಿಲ್ಲದ ಮೈಕ್ ಮುಟ್ಟಿ ಸತ್ತರು. 1976ರಲ್ಲಿ ಗಾಯಕ ಕೀತ್ ರೆಲ್ಫ್ ತಮ್ಮ ಮನೆಯಲ್ಲೇ ಗಿಟಾರ್ ಹಿಡಿದು ಹೋದರು.

ತಂತಿ ಮುಟ್ಟಿದಾಗ ಗುಂಯ್ ಇಳಿದರೆ ಅದು ಸಹಜ. ಮುಟ್ಟಿದಾಗ ಏರಿದರೆ, ಬೆರಳಿಗೋ ತುಟಿಗೋ ಜುಮ್ಮೆಂದರೆ, ಗೇಟಿನತ್ತ ಕೈ ಹಾಕಬೇಡಿ, ಸ್ವಿಚ್ ಆರಿಸಿ. ಗುಂಯ್ ತಡೆಯಲೆಂದು ಪ್ಲಗ್ಗಿನ ಮೂರನೆಯ ದಪ್ಪ ಪಿನ್ನನ್ನು ಕಿತ್ತುಹಾಕುವ ಬುದ್ಧಿವಂತರೂ ಇದ್ದಾರೆ, ಅವರ ಸಹವಾಸ ಬೇಡ.

ಪೆಡಲೇನೋ ಮನೆಯಲ್ಲಿದೆ, ರಾಕ್ ನುಡಿಸುವಾಗ ಬೆಳಗುತ್ತದೆ. ಈಗ ಹೊಸ ಜಾಗಕ್ಕೆ ಹೋದರೆ ಮಗ ಗಿಟಾರ್ ಚೀಲ ಬಿಚ್ಚುವ ಮುಂಚೆ “ಅಂಕಲ್, ಅರ್ಥಿಂಗ್ ಇದೆಯಾ?” ಎಂದು ಕೇಳುತ್ತಾನೆ. ಕೆಲವರು ನಗುತ್ತಾರೆ, ನಗಲಿ.