ಇಟಲಿಯ ಹಿಮದಲ್ಲಿ ನಮ್ಮ ಸಿಪಾಯಿಗಳು

ಇಟಲಿ ಅಂದ ಕೂಡಲೇ ನಮಗೆ ನೆನಪಾಗೋದು ಪಿಜ್ಜಾ, ವೆನಿಸ್‌ನ ದೋಣಿ, ಹನಿಮೂನ್ ಪ್ಯಾಕೇಜು. ಅದೇ ಇಟಲಿಯ ಬೆಟ್ಟಗಳಲ್ಲಿ ಎರಡು ಚಳಿಗಾಲ ಕಳೆದ ಭಾರತೀಯ ಸೈನಿಕರ ಬಗ್ಗೆ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಎರಡನೇ ಮಹಾಯುದ್ಧದಲ್ಲಿ, 1943ರಿಂದ 1945ರವರೆಗೆ, ಭಾರತೀಯ ಸೇನೆಯ 4, 8 ಮತ್ತು 10ನೇ ಡಿವಿಜನ್‌ಗಳು ಅಲ್ಲಿ ಜರ್ಮನ್ನರ ವಿರುದ್ಧ ಹೋರಾಡಿದವು. ಹೋದವರು ಸುಮಾರು 50 ಸಾವಿರ ಮಂದಿ. ಯಾರನ್ನೂ ಕಾನೂನಿನ ಬಲದಿಂದ ಸೇರಿಸಿಕೊಂಡಿರಲಿಲ್ಲ. ಸಂಬಳಕ್ಕೋ, ಮನೆತನದ ರೂಢಿಗೋ ತಾವಾಗಿಯೇ ಸೇರಿದವರು. ಅವರಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯವರೂ ಇದ್ದರು. ಆ ರೆಜಿಮೆಂಟಿನ ಕೇಂದ್ರ ಎಲ್ಲಿದೆ ಗೊತ್ತಾ? ನಮ್ಮ ಬೆಳಗಾವಿಯಲ್ಲಿ. ಆಗಲೂ ಅಲ್ಲೇ, ಈಗಲೂ ಅಲ್ಲೇ.

ಫೋನಿನಲ್ಲೇ ಒಮ್ಮೆ ನಕ್ಷೆ ತೆಗೆದು ನೋಡಿ. ಇಟಲಿಯ ಬೆನ್ನುಮೂಳೆಯ ಹಾಗೆ ಅಪೆನೈನ್ ಪರ್ವತಸಾಲು. ದಕ್ಷಿಣದಿಂದ ಉತ್ತರಕ್ಕೆ ಹೊರಟ ಸೈನ್ಯಕ್ಕೆ ಒಂದು ಹೊಳೆ ದಾಟಿದರೆ ಒಂದು ಗುಡ್ಡ, ಗುಡ್ಡ ಹತ್ತಿ ಇಳಿದರೆ ಮತ್ತೊಂದು ಹೊಳೆ. ಮೇಲೆ ಕೂತ ಶತ್ರುವಿಗೆ ಕೆಳಗಿನ ದಾರಿಯೆಲ್ಲ ಕಾಣುತ್ತೆ. 1943ರ ನವೆಂಬರ್‌ನಲ್ಲಿ ಸಾಂಗ್ರೋ ನದಿ ಉಕ್ಕಿ ಸೇತುವೆಗಳೇ ಕೊಚ್ಚಿಹೋದವು. 1944ರ ಫೆಬ್ರುವರಿಯಲ್ಲಿ ಕಸ್ಸೀನೋ ಬೆಟ್ಟದ ಕಲ್ಲುಗಳ ನಡುವೆ 4ನೇ ಡಿವಿಜನ್ ಮಳೆ, ಚಳಿ, ಗುಂಡು ಮೂರನ್ನೂ ಒಟ್ಟಿಗೆ ಎದುರಿಸಿತು. ಆ ವರ್ಷದ ಕೊನೆಗೆ ಉತ್ತರದ ‘ಗಾಥಿಕ್ ಲೈನ್’ ಎಂಬ ಜರ್ಮನ್ ರಕ್ಷಣಾಸಾಲಿನ ಬೆಟ್ಟಗಳಲ್ಲಿ ಕೆಸರಿನ ಮೇಲೆ ಹಿಮ ಬಿತ್ತು.

ಇಂಥ ಕಡೆ ಯುದ್ಧ ಅಂದರೆ ಬರೀ ಗುಂಡು ಹಾರಿಸೋದಲ್ಲ, ಹೊರೋದು. ಜೀಪು ನಿಂತಲ್ಲಿಂದ ಹೇಸರಗತ್ತೆ, ಹೇಸರಗತ್ತೆ ನಿಂತಲ್ಲಿಂದ ಮನುಷ್ಯನ ಬೆನ್ನು. ಊಟ, ನೀರು, ಮದ್ದುಗುಂಡು ಮೇಲಕ್ಕೆ. ಗಾಯಾಳುಗಳು ಅದೇ ದಾರಿಯಲ್ಲಿ ಕೆಳಕ್ಕೆ. ಅದೂ ಬಹಳಷ್ಟು ಸಲ ರಾತ್ರಿಯ ಕತ್ತಲಲ್ಲಿ.

1944ರ ಡಿಸೆಂಬರ್ 26ರಂದು ಸೆರ್ಕಿಯೊ ಕಣಿವೆಯಲ್ಲಿ ಜರ್ಮನ್ನರು ಅಮೆರಿಕನ್ನರ ಸಾಲನ್ನು ಭೇದಿಸಿ ನುಗ್ಗಿದರು. ಅವರನ್ನು ತಡೆದು, ಕೆಲವೇ ದಿನಗಳಲ್ಲಿ ಬಾರ್ಗಾ ಪಟ್ಟಣವನ್ನು ವಾಪಸ್ ಪಡೆದದ್ದು ಭಾರತದ 8ನೇ ಡಿವಿಜನ್.

ಇಟಲಿಯ ಯುದ್ಧದಲ್ಲಿ ಕೊಟ್ಟ 20 ವಿಕ್ಟೋರಿಯಾ ಕ್ರಾಸ್ ಪದಕಗಳಲ್ಲಿ 6 ಭಾರತೀಯ ಸೇನೆಗೆ ಬಂದವು. ಅವುಗಳಲ್ಲಿ ಎರಡು ಮರಾಠಾ ರೆಜಿಮೆಂಟಿನವು. ನಾಮದೇವ ಜಾಧವ್ ಗುಂಡಿನ ಸುರಿಮಳೆಯಲ್ಲಿ ಇಬ್ಬರು ಗಾಯಾಳುಗಳನ್ನು ಹೊಳೆ ದಾಟಿಸಿದವರು. ಬದುಕಿ ಊರಿಗೆ ಬಂದರು. ಯಶವಂತ ಘಾಡ್ಗೆ ಬರಲಿಲ್ಲ. ಅವರ ದೇಹವೂ ಸಿಗಲಿಲ್ಲ. ಕಸ್ಸೀನೋ ಸ್ಮಾರಕದಲ್ಲಿ ಹೆಸರಷ್ಟೇ ಇದೆ. 2023ರಲ್ಲಿ ಮೊಂತೋನೆ ಎಂಬ ಊರಿನಲ್ಲಿ ಅವರ ನೆನಪಿಗೆ ಒಂದು ಸೂರ್ಯಗಡಿಯಾರ ನಿಲ್ಲಿಸಿದರು.

ಇಟಲಿಯಲ್ಲಿ ಸತ್ತ ಭಾರತೀಯ ಸೈನಿಕರು 5,700ಕ್ಕೂ ಹೆಚ್ಚು. ಮುಸ್ಲಿಮರಿಗೆ ಗೋರಿಗಳಿವೆ. ಹಿಂದೂ, ಸಿಖ್ಖರಲ್ಲಿ ಅನೇಕರನ್ನು ಅಲ್ಲೇ ದಹನ ಮಾಡಿದ್ದರಿಂದ ಫೋರ್ಲಿ, ಸಾಂಗ್ರೋ ಸ್ಮಾರಕಗಳ ಕಲ್ಲಿನ ಮೇಲೆ ಹೆಸರುಗಳು ಮಾತ್ರ ಉಳಿದಿವೆ.

ನಾವು ಯಾಕೆ ಮರೆತೆವು? ಅವರು ತೊಟ್ಟಿದ್ದು ಬ್ರಿಟಿಷರ ಸಮವಸ್ತ್ರ. ಹಾಗಾಗಿ ನಮ್ಮ ಸ್ವಾತಂತ್ರ್ಯದ ಕಥೆಯಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಬ್ರಿಟಿಷರ ಗೆಲುವಿನ ಕಥೆಯಲ್ಲೂ ಸಿಕ್ಕಿದ್ದು ಒಂದು ಮೂಲೆ ಅಷ್ಟೇ. ಯಾರಿಗಾಗಿ ಹೋರಾಡಿದರು ಅನ್ನೋ ವಾದ ಇರಲಿ. ಆ ಹಿಮದಲ್ಲಿ ನಡುಗಿದ ಮೈ ಮಾತ್ರ ನಮ್ಮೂರಿನ ಮಕ್ಕಳದ್ದೇ.

ನಿಮ್ಮ ಮನೆಯಲ್ಲಿ ‘ಮುತ್ತಾತ ಮಿಲಿಟ್ರಿಗೆ ಹೋಗಿದ್ರಂತೆ’ ಅನ್ನೋ ಮಾತು ಕೇಳಿದ್ದೀರಾ? ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ, ಮರಳಿ ಬಾರದವರ ಹೆಸರನ್ನು ಯಾರು ಬೇಕಾದರೂ ಹುಡುಕಬಹುದು. ಕೆಲವು ದಾಖಲೆಗಳಲ್ಲಿ ತಂದೆಯ ಹೆಸರು, ಊರೂ ಇವೆ. ಮರಳಿ ಬಂದವರಾದರೆ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಇವತ್ತೇ ಕೇಳಿ. ಟ್ರಂಕಿನಲ್ಲಿ ಒಂದು ಪದಕ, ಒಂದು ಹಳೇ ಪಿಂಚಣಿ ಪುಸ್ತಕ ಸಿಕ್ಕರೂ ಸಿಗಬಹುದು. ಸಿಕ್ಕರೆ ನಮಗೂ ಬರೆದು ತಿಳಿಸಿ.